ನೂಲುಗೈಗೆ ಪಾಠ ಹೇಳಿದವರಿಗೆ

ಗದಗ, ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ತೊಂಬತ್ತೊಂದು.

ಹೆಸರು ತಿಳಿಯದ ಶಸ್ತ್ರವೈದ್ಯರೇ, ಕಾಲದ ಆಚೆ ದಡದಲ್ಲಿ ನಿಂತ ಮಹಾನುಭಾವರೇ, ಶರಣು! ತಾರೀಖು ಕಂಡು ಹುಬ್ಬೇರಿಸಬೇಡಿ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತರ ಭಾಗ್ಯ ಬಂದಿದೆ. ನಿಮ್ಮ ಕಿವಿಗೆ ಒಗ್ಗದ ಶಬ್ದಗಳು ನಡುವೆ ನುಗ್ಗಿದರೆ ಕ್ಷಮೆಯಿರಲಿ. ನಾನು ನೀಲಗಂಗಾ ಹೂಗಾರ, ನಾಟಕ ಕಂಪನಿಯವಳು. ನನ್ನ ತೊಟ್ಟಿಲು ಕಟ್ಟಿದ್ದೇ ಪರದೆಯ ಹಗ್ಗಕ್ಕೆ. ಗದೆ ಹೊತ್ತು ಮೀಸೆ ತಿರುವುವ ಪಾತ್ರಗಳೆಲ್ಲ ನಮ್ಮ ಕಂಪನಿಯಲ್ಲಿ ನನ್ನವೇ.

ನಮ್ಮ ಕಾಲದಲ್ಲಿ ಊರು ಬಿಸಿಲಿಗೆ ಹೆದರಿ ಹಗಲೆಲ್ಲ ಮಲಗುತ್ತದೆ, ಸಂಜೆಗೆ ಎದ್ದು ಅಂಗಡಿ ತೆರೆಯುತ್ತದೆ. ಎಲ್ಲರ ಕಿವಿಯಲ್ಲೂ ಕಿವಿಮಣಿ. ಹಾಡು, ಸುದ್ದಿ, ನೆರೆಯವರ ಮಾತು ಕೂಡ ಅದರೊಳಗೇ ಬಂದು ಬೀಳುತ್ತದೆ. ನಾಟಕದ ಬಾಗಿಲಲ್ಲಿ ಮಾತ್ರ ಜನ ಆ ಮಣಿಯನ್ನು ಕಳಚಿ ಬುಟ್ಟಿಗೆ ಹಾಕಿ ಒಳಗೆ ಬರುತ್ತಾರೆ. ಯಂತ್ರದ ಹಂಗಿಲ್ಲದ ದನಿಗೆ ನಾವು ‘ಬರಿದನಿ’ ಎನ್ನುತ್ತೇವೆ. ಈ ಸೀಮೆಯಲ್ಲಿ ಅದು ಉಳಿದಿರುವುದು ನಮ್ಮಲ್ಲಷ್ಟೇ. ಅದು ಹೋದರೆ ನಾನು ಬರಿ ಮೀಸೆ!

ಕಳೆದ ದೀಪಾವಳಿಯಿಂದ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿತು. ಗ್ಯಾಸ್ ಎಂದೆ, ಸೋಡಾ ಕುಡಿದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದೆ. ಕೊನೆಗೆ ಸಾರನ್ನಷ್ಟೇ ಕುಡಿದೆ. ನಿಮ್ಮ ಕಾಲದ ಎಷ್ಟೋ ರೋಗಕ್ಕೆ ಮದ್ದು ಹುಡುಕಿದೆವು, ಈ ಒಂದು ಮೂರ್ಖತನಕ್ಕೆ ಇನ್ನೂ ಸಿಕ್ಕಿಲ್ಲ. ನನ್ನ ಗಂಡ ದ್ಯಾಮಣ್ಣ ಕಂಪನಿಯ ಹಾರ್ಮೋನಿಯಂ ಮಾಸ್ತರ. ನೋಡುವಷ್ಟು ನೋಡಿ, ಒಂದು ದಿನ ತಾಟು ಸರಿಸಿಯೇಬಿಟ್ಟ. “ಏ ಮಹಾರಾಜ, ಆನಿ ನುಂಗೋ ಬಾಯಾಗ ಅಂಬಲಿ ಇಳೀವಲ್ದು. ಇದು ಗ್ಯಾಸ್ ಅಲ್ಲ, ನಡಿ ದವಾಖಾನಿಗೆ.” ಅಲ್ಲಿ ತಿಳಿಯಿತು: ಅನ್ನನಾಳದ ಕ್ಯಾನ್ಸರ್. ಮದ್ದು ಕೊಟ್ಟು ಗಡ್ಡೆಯನ್ನು ಕುಗ್ಗಿಸಿದ್ದಾಯಿತು, ಉಳಿದದ್ದು ಶಸ್ತ್ರಕ್ರಿಯೆ.

ಅದನ್ನು ಮಾಡುವುದು ನೂಲುಗೈ. ನಿಮ್ಮ ರೋಬೋಟಿನ ಮರಿಮಗಳೆನ್ನಿ. ಪಕ್ಕೆಲುಬಿನ ಸಂದಿಯಲ್ಲಿ, ಹೊಟ್ಟೆಯ ಮೇಲೆ, ಸಣ್ಣ ಸಣ್ಣ ತೂತುಗಳಿಂದ ನೂಲಿನಂತೆ ಒಳಗಿಳಿಯುತ್ತದೆ. ಕೆಟ್ಟ ಅನ್ನನಾಳವನ್ನು ಬಿಡಿಸಿ ತೆಗೆದು, ಜಠರವನ್ನೇ ಕೊಳವೆಯಾಗಿಸಿ ಎದೆಗೇರಿಸಿ ಹೊಲಿಯುತ್ತದೆ. ಇದನ್ನು ಕೇಳಿ ದ್ಯಾಮಣ್ಣ, “ಡಾಕ್ಟ್ರ, ಇಕಿ ಹೊಟ್ಟಿ ಎದಿಗೆ ಬಂದ್ರ, ಹಸಿವಾದಾಗ ಊರಿಗೇ ಕೇಳಿಸ್ತೈತಲ್ರೀ!” ಎಂದ. ಡಾಕ್ಟರ್ ಮೆಹಜಬೀನ್ ನದಾಫ್ ನಕ್ಕರು. ನಕ್ಕು, ನನ್ನ ಕಡೆ ತಿರುಗಿದರು.

“ಅಮ್ಮಾರ, ಅನ್ನನಾಳದ ಮಗ್ಗಲಕ್ಕ ದನಿಪೆಟ್ಟಿಗಿಗೆ ಹೋಗೋ ನರ ಐತ್ರಿ, ದಾರದಂಥಾದ್ದು. ಅದಕ್ಕ ಹತ್ತಿಕೊಂಡು ಗಂಟು ಅದಾವು. ರೋಗ ಅಲ್ಲೇ ಅಡಗಿರಬಹುದು, ತಗೀಲೇಬೇಕು. ತಗಿಯೋವಾಗ ಜಗ್ಗಿದ್ರ ನರಕ್ಕ ಪೆಟ್ಟು.”

ಇಲ್ಲಿ ನೀವು ರಂಗಕ್ಕೆ ಬರುತ್ತೀರಿ! ನೂಲುಗೈ ತಾನಾಗಿ ಏನನ್ನೂ ಅರಿಯದು. ನಿಮ್ಮಂಥವರು ಮಾಡಿದ ಶಸ್ತ್ರಕ್ರಿಯೆಗಳ ಚಿತ್ರಣ ನೋಡಿ ಕಲಿತದ್ದು. ಅದಕ್ಕೆ ‘ಕೈಪಾಠ’ವೆಂದು ಹೆಸರು. ನಿಮ್ಮ ಕೈಪಾಠವನ್ನು ನನಗೆ ತೋರಿಸಿದರು. ಮುಖವಿಲ್ಲ, ಮಾತಿಲ್ಲ, ಕೈಯೊಂದೇ. ನರದ ಬಳಿ ಬಂದಾಗಲೆಲ್ಲ ನೀವು ಹಿಡಿತ ಸಡಿಲಿಸಿ ಸುಮ್ಮನೆ ನಿಲ್ಲುತ್ತೀರಿ. ತುಸು ಮುಂದೆ ಹೋಗುತ್ತೀರಿ, ಮತ್ತೆ ನಿಲ್ಲುತ್ತೀರಿ. ನಡುವಿನ ಯಾವುದೋ ಕಾಲದ ಜಾಣರು ಈ ನಿಲುಗಡೆಗಳನ್ನು ದಂಡದ ಹೊತ್ತೆಂದು ಕತ್ತರಿಸಿ ಎಸೆದರು. ಈಗ ಎಲ್ಲೆಡೆ ಓಡುವುದು ಆ ಗಿಡ್ಡ ಪಾಠವೇ. ಪೂರ್ತಿ ಪಾಠವನ್ನು ಡಾಕ್ಟರ್ ಹಳೆಯ ಉಗ್ರಾಣದಿಂದ ಹುಡುಕಿ ತಂದಿದ್ದಾರೆ. ನರ ದಣಿವಾರಿಸಿಕೊಳ್ಳಲೆಂದೇ ನೀವು ನಿಂತಿರಬೇಕು ಎಂಬುದು ಅವರ ಊಹೆ. ಕೇಳೋಣವೆಂದರೆ ನೀವೆಲ್ಲಿ!

ಪೂರ್ತಿ ಪಾಠಕ್ಕೆ ಹೊತ್ತು ಬಹಳ ಹಿಡಿಯುತ್ತದೆ. ಅಷ್ಟೂ ಹೊತ್ತು ನನ್ನ ಒಂದು ಶ್ವಾಸಕೋಶವನ್ನು ಮಡಿಸಿಡಬೇಕು. ಇನ್ನೊಂದು, ರಂಗದ ಧೂಪ ಕುಡಿದು ಕುಡಿದು ಸೊರಗಿದೆ. “ಗಿಡ್ಡ ಪಾಠ ಉಸಿರಿಗೆ ಚಲೋ, ಪೂರ್ತಿ ಪಾಠ ದನಿಗೆ ಚಲೋ. ಎರಡಕ್ಕೂ ನಾ ಮಾತು ಕೊಡಾಂಗಿಲ್ರಿ,” ಎಂದರು ಡಾಕ್ಟರ್.

ಅಂದಿನಿಂದ ಕುಳಿತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ದವಾಖಾನೆಯ ಪಡಸಾಲೆಯಲ್ಲಿ ಆ ತುದಿ, ಈ ತುದಿ. “ಕುಂದ್ರು ಮಾರಾಯ್ತಿ, ನೆಲದ ಫರಶಿ ಸವೀತೈತಿ,” ಎನ್ನುತ್ತಾನೆ ದ್ಯಾಮಣ್ಣ. ಆಮೇಲೆ ಮೆಲ್ಲಗೆ, “ನಿನ್ನ ದನಿ ನಕಲು ಮಾಡಿ ಇಡ್ತಾರಂತ. ನನಗ ನೀ ಬೇಕು, ಮೂಕಿ ಆದ್ರೂ ಆತು.” ನಕಲು ದನಿ ನನ್ನಂತೆಯೇ ಗರ್ಜಿಸೀತು. ಆದರೆ ಜನ ಉಸಿರು ಬಿಗಿಹಿಡಿದಾಗ ತಾನೂ ಕಾಯಬೇಕೆಂದು ಅದಕ್ಕೆ ಹೇಳಿಕೊಡುವವರಾರು? ಮಾತಿಗೆ ಮೊದಲಿನ ಆ ಮೌನದಲ್ಲೇ ನಾನು ಬದುಕಿದ್ದೇನೆ, ಸ್ವಾಮಿ. ನಿಮ್ಮ ಕೈ ನಿಂತದ್ದರಲ್ಲಿ ಅದೇ ಮೌನವನ್ನು ಕಂಡೆ.

ಪೂರ್ತಿ ಪಾಠವೇ ಆಗಲಿ ಎಂದೆ. ದ್ಯಾಮಣ್ಣ ಸಿಟ್ಟಿನಿಂದ ಎದ್ದು ಹೋದ. ಇಂದು ಬಂದು ನನ್ನ ಕಾಲಿಗೆ ಹೊದಿಕೆ ಎಳೆದು, “ಆತು, ನಿಂದೇ ನಡೀಲಿ. ಆದ್ರ ಉಸಿರು ಬಿಟ್ಟು ಬಂದಿ ಅಂದ್ರ ನೋಡು ಮತ್ತ,” ಎಂದ.

ಆದ್ದರಿಂದ, ಈ ಓಲೆ ಕಾಲದ ಆಚೆ ದಡ ಮುಟ್ಟೀತೆಂಬ ಆಸೆಯಿಂದ ಬೇಡುತ್ತೇನೆ: ನಿಲ್ಲಿ! ಪಕ್ಕದವರು ಗಡಿಯಾರ ನೋಡಲಿ, ಹೊರಗೆ ಮುಂದಿನ ರೋಗಿ ಕಾಯಲಿ, ಆ ನರದ ಬಳಿ ನಿಲ್ಲಿ. ನಿಂತಾಗ, ಏಕೆ ನಿಂತಿರೆಂದು ಬಾಯಿಬಿಟ್ಟು ಹೇಳಿ, ದಾಖಲಾಗಲಿ. ಕಾರಣ ತಿಳಿಯದ್ದನ್ನು ಮುಂದಿನವರು ಕತ್ತರಿಸಿಬಿಡುತ್ತಾರೆ. ನನ್ನ ಉಸಿರು ಸೋತರೆ ಆ ಪಾಪ ನಿಮಗೆ ಬೇಡ, ಆಯ್ಕೆ ನನ್ನದು.

ಶಸ್ತ್ರಕ್ರಿಯೆಗೆ ಕರೆಯಲು ಬಂದರು. ನನ್ನ ದನಿ ಮರಳದಿದ್ದರೆ ಇದೇ ನನ್ನ ಕೊನೆಯ ಮಾತು. ಇದನ್ನು ಮನಸ್ಸಿನಲ್ಲಿ ಓದಿಕೊಳ್ಳಬೇಡಿ. ಎದ್ದು ನಿಂತು, ಹಿಂದಿನ ಸಾಲಿನವರಿಗೂ ಕೇಳುವಂತೆ ಓದಿ.