ಅಕ್ಕನಿಗೆ ಮೂರು ಗಂಟೆ ಬಿಡುವು

ಅಕ್ಕಾ,

ಎಬ್ಬಿಸಲು ಮನಸ್ಸಾಗಲಿಲ್ಲ. ಮೊದಲ ಪಾಳಿಗೆ ಹೊರಟಿದ್ದೇನೆ. ಅಪ್ಪನಿಗೆ ಬೆಳಗಿನ ಮಾತ್ರೆ ಕೊಟ್ಟಾಗಿದೆ, ಮೈ ಒರೆಸಿ ಅಂಗಿ ಬದಲಿಸಿದ್ದೇನೆ. ಗುಂಡಿ ಮೇಲೆ ಕೆಳಗೆ ಆಗಿದ್ದರೆ ಬೈಯಬೇಡ.

ಹತ್ತು ಗಂಟೆಗೆ ಆರೈಕೆ ಕೇಂದ್ರದಿಂದ ಒಬ್ಬ ನರ್ಸಮ್ಮ ಬರುತ್ತಾರೆ. ಒಂದು ಗಂಟೆಯವರೆಗೆ ಅಪ್ಪನ ಜೊತೆ ಅವರೇ ಇರುತ್ತಾರೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ವಾರಕ್ಕೊಮ್ಮೆ ಬಿಡುವು ಕೊಡುವುದೇ ಅವರ ಕೆಲಸ. ನಿನ್ನನ್ನು ಕೇಳದೆ ಹೆಸರು ಬರೆಸಿದವನು ನಾನೇ. ಕೋಪ ಬಂದರೆ ಸಂಜೆಯವರೆಗೆ ಇಟ್ಟುಕೊಂಡಿರು.

‘ನಮ್ಮಪ್ಪನ್ನ ಇನ್ನೊಬ್ಬರ ಕೈಗೆ ಕೊಡಲ್ಲ’ ಅನ್ನುತ್ತೀಯೆಂದು ಗೊತ್ತು. ಆದರೆ ಮೊನ್ನೆ ಒಲೆ ಮುಂದೆ ನಿಂತಲ್ಲೇ ತೂಕಡಿಸಿ ಕೈ ಸುಟ್ಟುಕೊಂಡೆಯಲ್ಲ, ಅದನ್ನು ಅಪ್ಪ ಮಂಚದಿಂದಲೇ ನೋಡಿದರಂತೆ. ಎದ್ದು ಬರಲಾಗಲಿಲ್ಲ. ನಿನ್ನೆ ತೊದಲುತ್ತಲೇ ನನಗೆ ಹೇಳಿದರು: “ಅವಳನ್ನ ಸ್ವಲ್ಪ ಹೊರಗೆ ಕಳ್ಸೋ. ನಾಲ್ಕು ವರ್ಷದಿಂದ ಒಂದೇ ಮುಖ ನೋಡಿ ನಂಗೂ ಬೇಜಾರಾಗಿದೆ.” ಹೇಳಿ ನಕ್ಕರು. ಆಮೇಲೆ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಎತ್ತಿ ಕೂರಿಸುವಾಗ ಲಕ್ವ ಹೊಡೆದ ಎಡಗೈ ಹಿಡಿದು ಎಳೆಯಬಾರದೆಂದು ನರ್ಸಮ್ಮನಿಗೆ ಹೇಳು. ಅಷ್ಟು ಹೇಳಿ ಹೊರಡು, ಬಾಗಿಲಲ್ಲಿ ನಿಂತು ಪಾಠ ಮಾಡಬೇಡ.

ಗ್ರಂಥಾಲಯದ ಮಹಡಿಯಲ್ಲಿ ಹತ್ತೂವರೆಗೆ ನಿನ್ನಂಥವರೆಲ್ಲ ಸೇರುತ್ತಾರೆ. ಹೋದ ವಾರ ನಾನು ಹೋಗಿ ನೋಡಿ ಬಂದೆ. ಅಲ್ಲಿ ರೋಗಿ ಹೇಗಿದ್ದಾರೆ ಎಂದು ಮೊದಲು ಕೇಳುವುದಿಲ್ಲ, ‘ನೀವು ಹೇಗಿದ್ದೀರಿ’ ಎನ್ನುತ್ತಾರೆ. ರೂಢಿಯಂತೆ ‘ಚೆನ್ನಾಗಿದ್ದೀನಿ’ ಅಂದುಬಿಡಬೇಡ. ಇದ್ದದ್ದು ಇದ್ದ ಹಾಗೆ ಹೇಳು. ಕೇಳಿಸಿಕೊಳ್ಳಲು ಅವರಿಗೆ ಪುರುಸೊತ್ತಿದೆ.

ತಮ್ಮ