ಅರ್ಧಕ್ಕೇ ನಿಲ್ಲುವ ಹಿಂಬಾಗಿಲು

ಮನೆಯಿಂದ,
ಗುರುವಾರ, ೧೪ನೇ ತಾರೀಖು

ಚಿರಂಜೀವಿ ದೊಡ್ಡ ಮಗನಿಗೆ,

ನಾನು ನಿನ್ನ ತಾಯಿ, ಈ ಮನೆಯ ಯಜಮಾನಿ. ಹೈಸ್ಕೂಲು ಪಾಸಾದವಳು, ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಮನೆ ನನ್ನ ಹೆಸರಿನಲ್ಲಿದೆ, ಕಾರೂ ನನ್ನ ಹೆಸರಿನಲ್ಲೇ ಇತ್ತು ಎಂಬುದನ್ನು ಮೊದಲೇ ನೆನಪಿಸುತ್ತೇನೆ. ನಿನ್ನ ಬೆನ್ನುನೋವು ಹೇಗಿದೆ? ಹಡಗಿನ ಕೆಲಸದ ನಡುವೆಯೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದೊಡನೆ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕಾದರೆ ಆ ಕಾಯಿಲೆಯಿಲ್ಲ.

ವಿಷಯ ಕಾರಿನ ಹಿಂಬಾಗಿಲಿನದು. ಗುಂಡಿ ಒತ್ತಿದರೆ ತಾನಾಗಿ ಮೇಲೇಳುವ ಆ ಬಾಗಿಲು ಅರ್ಧಕ್ಕೇ ನಿಂತುಬಿಡುತ್ತಿತ್ತು. ಮೊದಲ ದಿನ ಸಾಮಾನು ಇಳಿಸಲು ಹೋಗಿ ನನ್ನ ಹಣೆಗೇ ಬಡಿಯಿತು. "ಯಾರು ಇದನ್ನು ಕೆಡಿಸಿದ್ದು?" ಎಂದು ಕೇಳಿದೆ, ಅಷ್ಟೇ. ಬೀದಿಯ ಕೊನೆಯವರೆಗೂ ಕೇಳಿಸಿತಂತೆ; ಜನ ಒಂದಕ್ಕೆರಡು ಹೇಳುತ್ತಾರೆ. ಮೆಕ್ಯಾನಿಕ್ ಬಂದ. ಫ್ಯೂಸ್ ಎಂದ, ಮೋಟಾರು ಎಂದ, ಬ್ಯಾಟರಿ ಬಿಚ್ಚಿ ಕೂಡಿಸಿ ಏನೇನೋ ಒತ್ತಿದ. ಬಾಗಿಲು ಪೂರ್ತಿ ಎದ್ದಿತು. "ನೋಡಿದ್ರಾ ಅಮ್ಮಾ, ನನ್ನ ಕೈಗುಣ!" ಎಂದು ಮೀಸೆ ತಿರುವಿದ. ಮರುದಿನ ಮತ್ತೆ ಅರ್ಧ. ಅಳಿಯಂದಿರು "ವೈರು ತುಂಡಾಗಿದೆ ಅತ್ತೆ" ಎಂದು ಒಳಗಿನ ಹೊದಿಕೆ ಬಿಚ್ಚಿದರು. ತಿರುಗಿ ಹಾಕಲು ಅವರಿಗೆ ಬರಲಿಲ್ಲ. ಅಷ್ಟರಲ್ಲಿ ನೀನು ಹಡಗಿನಿಂದಲೇ ಅಪ್ಪಣೆ ಕೊಟ್ಟೆ: "ಮಾರಿಬಿಡಮ್ಮ, ತಗೊಳ್ಳೋನು ಭಾನುವಾರ ಬರ್ತಾನೆ." ಅಂದಿನಿಂದ ನಿನ್ನ ಹೆಂಡತಿಯ ಮುಖದಲ್ಲಿ ಕಳೆಯಿರಲಿಲ್ಲ. ಅವಳು ಹೊಲಿದ ಪರದೆಗಳ ಕಟ್ಟುಗಳು ಗಿರಾಕಿಗಳ ಮನೆ ಸೇರುವುದು ಆ ಕಾರಿನಲ್ಲೇ. ಕಾರು ಹೋದರೆ ಅವಳ ಕೆಲಸವೂ ಹೋದಂತೆ.

ನಾನು ಕುರ್ಚಿ ಹಾಕಿಸಿಕೊಂಡು ಕಾರಿನ ಹಿಂದೆ ಕುಳಿತೆ. ಎಷ್ಟು ಸಲ ತೆರೆಸಿದರೂ ಬಾಗಿಲು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದೇ ಎತ್ತರಕ್ಕೆ ನಿಂತಿತು. ಕೆಟ್ಟ ಯಂತ್ರಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಇದು ಕೆಟ್ಟಿಲ್ಲ, ಯಾರದೋ ಮಾತು ಕೇಳುತ್ತಿದೆ ಎಂದುಕೊಂಡೆ. ಮನೆಯವರನ್ನು ಒಬ್ಬೊಬ್ಬರಾಗಿ ಅದರ ಕೆಳಗೆ ನಿಲ್ಲಿಸಿದೆ. ಅಳಿಯಂದಿರ ತಲೆಗೆ ಬಡಿಯಿತು, ನನಗೇನೂ ಬೇಸರವಾಗಲಿಲ್ಲ. ನಿನ್ನ ಹೆಂಡತಿಗೆ ತಾಗಲೇ ಇಲ್ಲ. ಅವಳು ಕೈ ಎತ್ತಿದರೆ ಬೆರಳು ನೇರ ಬಾಗಿಲಿನ ಅಂಚಿನಲ್ಲಿರುವ ಮುಚ್ಚುವ ಗುಂಡಿಯ ಮೇಲೆ!

"ಪೂರ್ತಿ ಎದ್ರೆ ನಂಗೆ ಗುಂಡಿ ಎಟಕಲ್ಲ ಅತ್ತೆ. ಗಿರಾಕಿಗಳ ಮನೆ ಮುಂದೆ ಎಗರಿ ಎಗರಿ ಮುಚ್ಚಬೇಕು. ಬೇಕಾದ ಎತ್ತರದಲ್ಲಿ ಗುಂಡಿ ಒತ್ತಿ ಹಿಡ್ಕೊಂಡ್ರೆ ಅದನ್ನೇ ನೆನಪಿಟ್ಕೊಳ್ಳುತ್ತೆ" ಎಂದು ಅತ್ತಳು. ಮೆಕ್ಯಾನಿಕ್ ಸರಿಮಾಡಿ ಹೋದ ಮೇಲೂ ಹಾಗೆಯೇ ಮಾಡಿದ್ದಳಂತೆ. ಮೊದಲೇ ಹೇಳಬಾರದಿತ್ತೇ ಎಂದೆ. "ನೀವು ಕೇಳಿದ ರೀತಿಗೆ..." ಎಂದು ಅಲ್ಲಿಗೇ ನಿಲ್ಲಿಸಿದಳು. ಮದುವೆಯಾದ ಹೊಸದರಲ್ಲಿ ಅವಳನ್ನು ಕುಳ್ಳಿ ಎಂದು ಕರೆದು ನಕ್ಕವನು ನೀನು. ಆದ್ದರಿಂದ ತಪ್ಪು ಪೂರ್ತಿ ನಿನ್ನದೇ.

ಬಿಸಿಲಿನಲ್ಲಿ ತಿರುಗಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ

ಮರೆತಿದ್ದೆ: ಭಾನುವಾರ ಕಾರು ಕೊಳ್ಳಲು ಬಂದವನನ್ನು ಗೇಟಿನಿಂದಲೇ ಕಳುಹಿಸಿದೆ. ಸೋಮವಾರ ಕಾರನ್ನು ನಿನ್ನ ಹೆಂಡತಿಯ ಹೆಸರಿಗೆ ಮಾಡಿಸಿಯೂ ಆಯಿತು. ಬಾಗಿಲು ಈಗಿನ ಎತ್ತರಕ್ಕೇ ನಿಲ್ಲುತ್ತದೆ. ನಾನು ಬಗ್ಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ನೀನೂ ಮಾಡಿಕೊಂಡು ಬಾ.