ತಕರಾರಿಗೆ ಸಮಯ

ಡಿಸೆಂಬರ್ ೬
ಕೋರ್ಟಿಗೆ ಹೊರಡುವ ಗಡಿಬಿಡಿ. ಕೊರಳಿಗೆ ಕಟ್ಟುವ ಬಿಳಿ ಪಟ್ಟಿ ಸಿಗುತ್ತಿಲ್ಲ. ಅಪ್ಪ ಪೇಪರ್ ಹಿಡಿದು ಅಡ್ಡ ನಿಂತರು — ಅಕ್ಕನ ಫೋಟೋ. ಮತ್ತೆ! ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದವರನ್ನು ಬಿಡಿಸಿದಳಂತೆ, ಬಡಾವಣೆಯ ಹೆಂಗಸರಿಗೆ ಕಾನೂನು ಪಾಠ ಹೇಳುತ್ತಾಳಂತೆ.
“ನೋಡೇ, ಎಷ್ಟು ಚೆನ್ನಾಗಿ ಬಂದಿದೆ!”
ನಾನೂ ಲಾಯರೇ ಅಪ್ಪ. ಸರ್ಕಾರಿ ವಕೀಲೆ. ಅವಳು ಬಿಡಿಸುವವರನ್ನು ಒಳಗೆ ಹಾಕಿಸುವವಳು. ನನ್ನ ಫೋಟೋ ಯಾರು ಹಾಕುತ್ತಾರೆ?
ಹೊಟ್ಟೆ ಉರಿಯುತ್ತದೆ. ಯಾರೂ ಓದದ ಕಡೆ ಬರೆಯಲು ನಾಚಿಕೆಯೇನು.

ಡಿಸೆಂಬರ್ ೧೧
ಕ್ಯಾಂಟೀನಿನಲ್ಲಿ ಹೊಸ ಗುಮಾಸ್ತ, “ನೀವು ಅವರ ತಂಗೀನಾ ಮೇಡಂ?” ಅಂದ.
“ಅವರು ನನ್ನ ಅಕ್ಕ” ಅಂದೆ. ಎರಡೂ ಒಂದೇ ಅಂದುಕೊಂಡಿರಬೇಕು, ಹಲ್ಲು ಕಿರಿದ.

ಡಿಸೆಂಬರ್ ೧೮
ಅಕ್ಕ ಅಪ್ಪನಿಗೆ ಫೋನ್ ಮಾಡಿದ್ದಳು. ಅವಳ ಹೊಸ ಕಕ್ಷಿದಾರಳು ಬಳೆ ಕದ್ದ ಆರೋಪದ ಮೇಲೆ ಒಳಗಿರುವ ಮನೆಗೆಲಸದವಳು; ನಾಳೆ ಜಾಮೀನು ಅರ್ಜಿ, ಸರ್ಕಾರದ ಪರ ನಾನೇ. ಅವಳ ತಾಯಿ ಆಸ್ಪತ್ರೆಯಲ್ಲಿ, ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾಳೆ.
“ನಿಂಗೆ ಹೇಳ್ಬೇಡ ಅಂದಿದ್ಲು. ನಿಮ್ಮಕ್ಕ ನಿದ್ದೇನೇ ಮಾಡಿಲ್ವಂತೆ, ಪಾಪ.”
ಪಾಪವಂತೆ! ಮೊನ್ನೆ ನಾನು ಜ್ವರ ಬಂದು ಬಿದ್ದುಕೊಂಡಾಗ ಯಾರಾದರೂ ಪಾಪ ಅಂದರಾ?

ಡಿಸೆಂಬರ್ ೧೯
ಕೋರ್ಟಿನ ಕ್ರಿಸ್‌ಮಸ್ ರಜೆಗೆ ಮುಂಚಿನ ಕೊನೆಯ ದಿನ. ನಾನು ‘ತಕರಾರಿಲ್ಲ’ ಅಂದಿದ್ದರೆ ಆ ಹೆಂಗಸು ಸಂಜೆಯೇ ಹೊರಗೆ. ಎದ್ದು ನಿಂತೆ. ಅಕ್ಕ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು — ಆಗಲೇ ಗೆದ್ದವಳ ಹಾಗೆ. ಮೈಯೆಲ್ಲ ಉರಿದುಹೋಯಿತು.
“ತಕರಾರು ಸಲ್ಲಿಸಲು ಸಮಯ ಬೇಕು, ಸ್ವಾಮಿ.”
ದಿನಾ ಕೇಳುವ ಮಾತು. ಯಾರೂ ತಲೆ ಎತ್ತಲಿಲ್ಲ. ಅಕ್ಕ ತಾಯಿಯ ವಿಷಯ ಹೇಳಿದಳು. “ಎಲ್ಲರೂ ಹೇಳೋದು ಅದನ್ನೇ” ಅಂದರು ಜಡ್ಜ್. ರಜೆ ಮುಗಿದ ಮೇಲಿನ ದಿನ ಕೊಟ್ಟು ಮುಂದಿನ ಕೇಸು ಕೂಗಿಸಿದರು.
ಹಾಯೆನಿಸಿತು. ಸುಳ್ಳೇಕೆ ಬರೆಯಲಿ?

ಡಿಸೆಂಬರ್ ೨೪
ಅಕ್ಕ ಜೈಲು, ಠಾಣೆ ಅಂತ ಅಲೆಯುತ್ತಿದ್ದಾಳೆ. ಪೊಲೀಸ್ ಕಾವಲಿನಲ್ಲಾದರೂ ಸರಿ, ಆ ಹೆಂಗಸಿಗೆ ತಾಯಿಯ ಮುಖ ತೋರಿಸಬೇಕಂತೆ.
“ನೀನೊಂದು ಮಾತು ಹೇಳಬಾರದೇನೇ?” ಅಂದರು ಅಪ್ಪ.
“ರಜೆ, ಅಪ್ಪ” ಅಂದೆ. ಅಕ್ಕನ ಕೈಲೂ ಆಗದ್ದು ಒಂದಿದೆಯಲ್ಲ… ಇರಲಿ.

ಡಿಸೆಂಬರ್ ೨೭, ಮಧ್ಯಾಹ್ನ
ಆ ಹೆಂಗಸಿನ ತಾಯಿ ಹೋದಳು. ಅನುಮತಿ ಬಂತು — ಹೆಣ ನೋಡುವುದಕ್ಕೆ.
ಅಕ್ಕ ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದಳು. ಯಾರ ಮುಂದೆಯೂ ಅಳದವಳು ನನ್ನ ಹೆಗಲಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು.
“ನಂದೇ ತಪ್ಪು ಕಣೇ. ನೀನು ಎದುರು ಪಾರ್ಟಿ ಲಾಯರ್, ಮೊದಲೇ ಮಾತಾಡಬಾರದು ಅಂತ ನಿಂಗೆ ಫೋನ್ ಮಾಡ್ಲಿಲ್ಲ. ತಾಯಿ ವಿಷಯ ಮೊದಲೇ ಗೊತ್ತಿದ್ದಿದ್ರೆ ನೀನು ಟೈಮ್ ಕೇಳ್ತಾನೇ ಇರ್ಲಿಲ್ಲ.”
ಬೆನ್ನು ಸವರಿದೆ. ಆಗಲೂ ನನಗೆ ಬಂದ ಯೋಚನೆ — ಇವಳು ನನಗೋಸ್ಕರ ಯಾವತ್ತಾದರೂ ಹೀಗೆ ಅತ್ತಿದ್ದಾಳಾ?
ಥೂ, ನನ್ನ ಜನ್ಮಕ್ಕೆ.

ಅದೇ ದಿನ, ಸಂಜೆ
ನನ್ನ ಮಂಚದ ಮೇಲೆ ಮಲಗಿದ್ದಾಳೆ. ನನಗೆ ಮೊದಲೇ ಗೊತ್ತಿತ್ತು ಅಂತ ಹೇಳಿದರೆ ಮತ್ತೆ ಈ ಹೊಸಿಲು ತುಳಿಯಲಾರಳು. ಹೇಳದಿದ್ದರೆ ತಪ್ಪು ತನ್ನದೇ ಅಂತ ಸಾಯುವವರೆಗೂ ಕೊರಗುತ್ತಾಳೆ.
ಎದ್ದಳು. “ಪುಟ್ಟಿ, ಸ್ವಲ್ಪ ಹತ್ರ ಬಾರೇ…”
ಬಂದೆ ಅಕ್ಕ. ಹೇಳಿಬಿಡುತ್ತೇನೆ. ಇವತ್ತೇ. ಮೊದಲು ಒಂದೇ ಒಂದು ಸಲ ಅವಳ ಪಕ್ಕ ಮಲಗಿಕೊಳ್ಳುತ್ತೇನೆ. ಸ್ವಲ್ಪ ಸಮಯ ಬೇಕು —